ಬೈಲ್-ಘೋಡಾ ಆಸ್ಪತ್ರೆಯಲ್ಲಿ ಒಂದು ದಿನ

ನಾವು ಮುಂಬಯಿಗೆ ಬಂದು ಇಪ್ಪತ್ತೆಂಟು ವರುಷಗಳಾದವು. ಊರಿನಿಂದ ಬೀಗರು-ಬಿಜ್ಜರು ಬಂದಾಗಲೆಲ್ಲ ಗೇಟ್‌ವೇ, ಮಹಾಲಕ್ಷ್ಮಿಯ ಗುಡಿ, ಹ್ಯಾಂಗಿಂಗ್ ಗಾರ್ಡನ್, ಜುಹೂ ದಂಡೆ, ಇವಿಷ್ಟನ್ನು ತೋರಿಸಿ ರೈಲು ಹತ್ತಿಸಿ ಕಳಿಸುವುದು ನಮ್ಮ ಮನೆಯ ಪದ್ಧತಿ. ಪರೇಲಿನಲ್ಲಿ ಪಶುಗಳ ದೊಡ್ಡ ಆಸ್ಪತ್ರೆಯೊಂದಿದೆ ಎಂದು ಕೇಳಿದ್ದೆವು. ಅದರೊಳಗೆ ಕಾಲಿಡುವ ಪ್ರಸಂಗ ಮಾತ್ರ ಬಂದಿರಲಿಲ್ಲ. ಕಳೆದ ದೀಪಾವಳಿಯಲ್ಲಿ ಬಂದಿತು. ಆ ದಿನದ ಸಂಗತಿಯನ್ನು ನಮ್ಮ ಬಳಗದ ಓದುಗರ ಮುಂದೆ ಇಡಬೇಕೆನಿಸಿದೆ. ಅದರಲ್ಲಿ ನಮ್ಮ ತಪ್ಪೂ ಇದೆ, ಮುಚ್ಚಿಡದೆ ಬರೆಯುತ್ತೇವೆ.

ಮಾಟುಂಗಾದ ನಮ್ಮ ಮನೆಯಲ್ಲಿ ಕೆಂಚಿ ಎಂಬ ಬೆಕ್ಕು ಇದೆ. ಮೂರು ವರುಷಗಳ ಹಿಂದೆ ಒಂದು ಮಳೆಗಾಲದ ರಾತ್ರಿ ಜಿನೆಯ ಕೆಳಗೆ ತೊಯ್ದು ಕೂತಿದ್ದ ಮರಿಯನ್ನು ನಮ್ಮ ಅವ್ವ ಸೆರಗಿನಲ್ಲಿ ಸುತ್ತಿ ತಂದಳು. ಅಪ್ಪ ತೀರಿಕೊಂಡ ಮೇಲೆ ಅವ್ವ ಧಾರವಾಡದ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದಿದ್ದಾಳೆ. ನಾವಿಬ್ಬರೂ ನೌಕರಿಗೆ, ಮಕ್ಕಳು ಶಾಲೆಗೆ. ಹಗಲೆಲ್ಲ ಅವ್ವನ ಮಾತು ಕೇಳುವ ಜೀವವೆಂದರೆ ಕೆಂಚಿಯೊಂದೇ. ಮಕ್ಕಳು ಅಜ್ಜಿಯ ಕನ್ನಡಕ್ಕೆ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಉತ್ತರ ಕೊಡುತ್ತಾರೆ. ಕೆಂಚಿ ಹಾಗಲ್ಲ. "ಹಾಲು ತಣ್ಣಗಾಗತದ, ಬಾರವ್ವಾ" ಎಂದರೆ ಸಾಕು, ಬಾಲವೆತ್ತಿಕೊಂಡು ಬರುತ್ತದೆ. ಮರಾಠಿಯಲ್ಲಿ ಕರೆದರೆ ಕಿವಿಯನ್ನೂ ಅಲುಗಿಸುವುದಿಲ್ಲ.

ದೀಪಾವಳಿಯ ರಾತ್ರಿ ಓಣಿಯಲ್ಲಿ ಪಟಾಕಿಗಳು ಹಾರಿದ್ದೇ ತಡ, ಕೆಂಚಿ ಮಂಚದ ಕೆಳಗೆ ಸೇರಿತು. ಮರುದಿನ ಸಂಜೆಯಾದರೂ ಹೊರಗೆ ಬರಲಿಲ್ಲ, ಹಾಲು ಮುಟ್ಟಲಿಲ್ಲ. ಅವ್ವ ಹಿಡಿದೆಳೆದು ಮೈ ಮುಟ್ಟಿ ನೋಡಿ, "ಮೈ ಕಾದದ" ಎಂದಳು. ಮಕ್ಕಳು ಥರ್ಮಾಮೀಟರು ತಂದು ತೊಡೆಯ ಸಂದಿನಲ್ಲಿ ಇಟ್ಟು ನೋಡಿದರು. ನೂರಾ ಒಂದೂವರೆ! "ನಾಳೆ ನೋಡೋಣ" ಎಂದು ನಾವು ಊಟಕ್ಕೆ ಕೂತೆವು. ಹಬ್ಬದ ದಣಿವು; ಬೇಗನೆ ಮಲಗಿಬಿಟ್ಟೆವು.

ಬೆಳಿಗ್ಗೆ ಅವ್ವನ ಕೂಗಿಗೆ ಎಚ್ಚರವಾಯಿತು. ಕೆಂಚಿ ಅಡಿಗೆಮನೆಯ ಮೂಲೆಯಲ್ಲಿ ಬಾಯಿ ತೆರೆದು ಏದುಸಿರು ಬಿಡುತ್ತ ಬಿದ್ದಿತ್ತು. ಮುಖ ಬಾತಿತ್ತು, ಪಂಜಗಳೂ ಬಾತಿದ್ದವು. ಹಲ್ಲಿನ ವಸಡು ಕೆಂಪಗಿರಬೇಕಾದದ್ದು ಕೆಸರಿನ ಬಣ್ಣಕ್ಕೆ ತಿರುಗಿತ್ತು. ಕಾಯಿಪಲ್ಲೆಯ ಬುಟ್ಟಿಯಲ್ಲಿ ಹಳೆಯ ಟವೆಲ್ ಹಾಸಿ ಅದನ್ನು ಮಲಗಿಸಿ ಟ್ಯಾಕ್ಸಿ ಕರೆದೆವು. ನೀನು ಬರುವುದು ಬೇಡವೆಂದರೂ ಅವ್ವ ಕೇಳಲಿಲ್ಲ.

ಆಸ್ಪತ್ರೆಯ ಪೂರ್ಣ ಹೆಸರು ಬಾಯಿ ಸಾಕರಬಾಯಿ ದಿನಶಾ ಪೆಟಿಟ್ ಪಶು ಆಸ್ಪತ್ರೆ. ಇಷ್ಟುದ್ದ ಹೆಸರು ಹೇಳಿದರೆ ಟ್ಯಾಕ್ಸಿಯವನಿಗೆ ತಿಳಿಯಲಿಲ್ಲ. ಬುಟ್ಟಿಯನ್ನು ನೋಡಿ ಅವನೇ ಕೇಳಿದ: "ಬೈಲ್-ಘೋಡಾ ಹೋಗಬೇಕೇನು?" ಎತ್ತು-ಕುದುರೆಯ ಆಸ್ಪತ್ರೆ! ಜನರ ಬಾಯಲ್ಲಿ ಅದಕ್ಕೆ ಇಂದಿಗೂ ಇದೇ ಹೆಸರು. ದಾದರ್ ಟಿ.ಟಿ., ಹಿಂದಮಾತಾ ದಾಟಿ ಪರೇಲು ಸೇರುವತನಕ ಅವ್ವ ಬುಟ್ಟಿಯ ಮೇಲಿನ ಕೈ ತೆಗೆಯಲಿಲ್ಲ. ಮಾತನ್ನೂ ಆಡಲಿಲ್ಲ.

ಪರೇಲು ಆಸ್ಪತ್ರೆಗಳ ಊರು. ಕೆ.ಇ.ಎಂ., ವಾಡಿಯಾ, ಟಾಟಾ ಮೆಮೋರಿಯಲ್ ಎಲ್ಲವೂ ಇಲ್ಲಿಯೇ ಇವೆ. ಊರೂರಿನಿಂದ ಬಂದ ರೋಗಿಗಳ ಬಂಧುಬಳಗ ಫುಟ್‌ಪಾಥಿನ ಮೇಲೆಯೇ ಬಿಡಾರ ಹೂಡಿರುತ್ತದೆ. ಈ ಮನುಷ್ಯರ ನೋವಿನ ನಡುವೆ ಮೂಕಜೀವಿಗಳದೂ ಒಂದು ಬಾಗಿಲು ಇದೆ. ಒಳಗೆ ಹೋದೆವು. ಕೇಸ್ ಪೇಪರಿನಲ್ಲಿ 'ರೋಗಿಯ ಹೆಸರು: ಕೆಂಚಿ' ಎಂದು ಬರೆಸುವಾಗ ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಅದರ ಉಸಿರಾಟ ನೋಡಿ ನಮ್ಮನ್ನು ಸರದಿ ತಪ್ಪಿಸಿ ಒಳಗೆ ಕರೆದರು. ಕಾಯುತ್ತಿದ್ದವರು ಯಾರೂ ಗೊಣಗಲಿಲ್ಲ.

ತರುಣಿ ಡಾಕ್ಟರಬಾಯಿ. ಕೆಂಚಿಯ ತುಟಿ ಎತ್ತಿ ವಸಡು ನೋಡಿದವರೇ ಮರಾಠಿಯಲ್ಲಿ, "ಇದಕ್ಕೆ ಏನು ಕೊಟ್ಟಿರಿ?" ಎಂದು ಕೇಳಿದರು. ಏನೂ ಕೊಟ್ಟಿಲ್ಲವೆಂದು ನಾವು ಹೇಳಿದೆವು. ನಮಗೆ ತಿಳಿದಮಟ್ಟಿಗೆ ಅದು ನಿಜವೇ ಆಗಿತ್ತು. ಅವರು ಮತ್ತೊಮ್ಮೆ ಕೇಳಿದರು. ಈ ಸಲ ನಮ್ಮನ್ನಲ್ಲ, ಅವ್ವನನ್ನು ನೋಡುತ್ತ. ಅವ್ವನ ಮುಂಗೈಯ ಮೇಲೆ ಹೊಸ ಪರಚು ಗಾಯವಿದ್ದುದು ಅವರ ಕಣ್ಣಿಗೆ ಬಿದ್ದಿತ್ತು.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಉಳಿದ ಅರ್ಧ ಗುಳಿಗೆಯನ್ನು ಮೇಜಿನ ಮೇಲೆ ಇಟ್ಟಳು. ನಾವು ತಲೆನೋವಿಗೆ, ಜ್ವರಕ್ಕೆ ತೆಗೆದುಕೊಳ್ಳುವ ಪ್ಯಾರಸಿಟಮಾಲ್. "ಅರ್ಧ ಕೊಟ್ಟೇನಿ. ನೀವೆಲ್ಲಾ ಮಲಗಿದ ಮ್ಯಾಲೆ, ಬೆಣ್ಯಾಗ ಅರದು ಬಾಯಿಗೆ ಒರಸಿದೆ. ಮಂದಿಗೆ ಕೊಡೂ ಗುಳಿಗಿನ ಅಲ್ಲೇನು ಅಂದಕೊಂಡೆ." ನಾವು ಮರಾಠಿಯಲ್ಲಿ ತಿಳಿಸಿದೆವು. ನಮ್ಮ ಧ್ವನಿ ನಮಗೇ ಸರಿಯಾಗಿ ಹೊರಡಲಿಲ್ಲ.

ಡಾಕ್ಟರಬಾಯಿ ಗದರಿಸಲಿಲ್ಲ. "ಆಜೀ, ಹೇಳಿದ್ದು ಬಹಳ ಒಳ್ಳೆಯದಾಯಿತು. ಹೇಳದಿದ್ದರೆ ನಾನು ಬೇರೆ ರೋಗ ಹುಡುಕುತ್ತ ಹೊತ್ತು ಕಳೆಯುತ್ತಿದ್ದೆ" ಎಂದು ಪ್ರಾಣವಾಯುವಿನ ನಳಿಗೆಯನ್ನು ಕೆಂಚಿಯ ಮೂಗಿಗೆ ಹಿಡಿಸಿ, ಚೀಟಿ ಬರೆದು ಕೊಟ್ಟರು. ಔಷಧದ ಹೆಸರು ಅಸಿಟೈಲ್‌ಸಿಸ್ಟೀನ್. ಮನುಷ್ಯರು ಇದೇ ಗುಳಿಗೆಯನ್ನು ಅಳತೆ ಮೀರಿ ನುಂಗಿದಾಗ ಅವರನ್ನು ಉಳಿಸುವುದೂ ಅದೇ ಔಷಧ. ಎದುರಿನ ಔಷಧದಂಗಡಿಗೆ ಓಡಿದೆವು. ಅಂಗಡಿಯವನು ಚೀಟಿ ನೋಡಿ, "ಪೇಶಂಟು ಯಾವ ವಾರ್ಡಿನಲ್ಲಿ?" ಎಂದ. "ಬೆಕ್ಕು" ಎಂದೆವು. ಅವನು ಮರುಮಾತಾಡದೆ ತೆಗೆದುಕೊಟ್ಟ. ಪರೇಲಿನಲ್ಲಿ ಇಂಥದು ಅವನಿಗೆ ಹೊಸತಾಗಿರಲಿಕ್ಕಿಲ್ಲ.

ಚುಚ್ಚುಮದ್ದು, ಸಲಾಯಿನ್ ಎಲ್ಲ ಆದ ಮೇಲೆ ಡಾಕ್ಟರಬಾಯಿ ತಿಳಿಸಿ ಹೇಳಿದರು. ನಮ್ಮ ಯಕೃತ್ತು ಪ್ಯಾರಸಿಟಮಾಲನ್ನು ಪಳಗಿಸಿ ಹೊರಗೆ ಹಾಕುತ್ತದೆ. ಆ ಕೆಲಸ ಮಾಡುವ ಕಿಣ್ವ ಬೆಕ್ಕಿನಲ್ಲಿ ತೀರ ಕಡಿಮೆ. ಆದ್ದರಿಂದ ಔಷಧ ಒಳಗೇ ವಿಷವಾಗಿ ರಕ್ತದ ಕೆಂಪು ಕಣಗಳನ್ನು ಕೆಡಿಸುತ್ತದೆ. ರಕ್ತ ಪ್ರಾಣವಾಯುವನ್ನು ಹೊರಲಾರದೆ ಕಂದಾಗುತ್ತದೆ. ಒಂದು ಇಡೀ ಗುಳಿಗೆಯಾಗಿದ್ದರೆ, ಅಥವಾ ಇನ್ನರ್ಧ ದಿನ ತಡವಾಗಿದ್ದರೆ, ಮಾತಾಡುವಂತಿರಲಿಲ್ಲ. ಮತ್ತೂ ಒಂದು ಮಾತು ಹೇಳಿದರು. ಅದನ್ನು ಕೇಳಿ ನಾವು ತಲೆ ತಗ್ಗಿಸಿದೆವು. ಬೆಕ್ಕಿನ ಮೈಯ ಸಹಜವಾದ ಬಿಸಿಯೇ ಸುಮಾರು 100.5ರಿಂದ 102.5 ಡಿಗ್ರಿಯಂತೆ! ಕೆಂಚಿಗೆ ಜ್ವರವೇ ಇರಲಿಲ್ಲ. ಪಟಾಕಿಗೆ ಹೆದರಿ ಕೂತಿತ್ತು, ಅಷ್ಟೆ. ನಮ್ಮ ಅಳತೆಗೋಲಿನಿಂದ ಅದನ್ನು ಅಳೆದೆವು, ನಮ್ಮ ಗುಳಿಗೆಯನ್ನೇ ಅದಕ್ಕೂ ಕೊಟ್ಟೆವು. ಪ್ರೀತಿಗೆ ಕಡಿಮೆಯಿರಲಿಲ್ಲ, ತಿಳಿವಳಿಕೆ ಕಡಿಮೆಯಾಗಿತ್ತು.

ಸಂಜೆಯ ತನಕ ಏನೂ ಹೇಳುವಂತಿಲ್ಲವೆಂದರು. ಕಾಯುತ್ತ ಕೂಡಲಾರದೆ ಆವರಣದಲ್ಲಿ ಸುತ್ತಾಡಿದೆವು. ಹಳೆಯ ಕಟ್ಟಡಗಳು, ಮರಗಳ ನೆರಳು, ಎಲ್ಲಿಂದಲೋ ಹುಲ್ಲಿನ ವಾಸನೆ, ಸೆಗಣಿಯ ವಾಸನೆ. ಕಾಲಿಗೆ ಪಟ್ಟಿ ಕಟ್ಟಿದ ಆಕಳೊಂದು ಮೆಲುಕು ಹಾಕುತ್ತಿತ್ತು. ಅದನ್ನು ಕಂಡು ಅವ್ವ ಆ ದಿನ ಮೊದಲ ಬಾರಿಗೆ ತಾನಾಗಿ ಮಾತಾಡಿದಳು. ತನ್ನ ತಂದೆಯ ಮನೆಯಲ್ಲಿ ಎತ್ತು ಮಲಗಿದರೆ ಗೌಡರ ಓಣಿಯ ಮುದುಕನೊಬ್ಬ ಬಂದು ಬರೆ ಎಳೆಯುತ್ತಿದ್ದನಂತೆ, ಗೊಟ್ಟದಿಂದ ಕಷಾಯ ಹೊಯ್ಯುತ್ತಿದ್ದನಂತೆ. ಕೆಲವು ಎದ್ದವು, ಕೆಲವು ಏಳಲಿಲ್ಲ. ದನಕರುಗಳ ವೈದ್ಯ ನಮ್ಮವರಿಗೆ ಹೊಸತೇನಲ್ಲ. ಚಾಲುಕ್ಯರ ರಾಜಕುಮಾರ ಕೀರ್ತಿವರ್ಮನು 12ನೆಯ ಶತಮಾನದ ಆರಂಭದಲ್ಲಿಯೇ 'ಗೋವೈದ್ಯ'ವೆಂಬ ಗ್ರಂಥವನ್ನು ಕನ್ನಡದಲ್ಲಿ ಬರೆದಿದ್ದಾನೆ. ಎತ್ತನ್ನು ಎತ್ತೆಂದು ತಿಳಿದು ಮದ್ದು ಕೊಡಬೇಕೆಂಬ ವಿವೇಕ ಅಂದೇ ಇದ್ದಿತು. ಮರೆತವರು ನಾವು.

ಈ ಆಸ್ಪತ್ರೆಯ ಹುಟ್ಟೂ ಎತ್ತು-ಕುದುರೆಗಳಿಂದಲೇ. ಮುಂಬಯಿಯಲ್ಲಿ ಪ್ರಾಣಿದಯೆಯ ಕಥೆ ಅದಕ್ಕಿಂತ ಹಳೆಯದು. 1832ರಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಸರಕಾರಿ ಆಜ್ಞೆಯ ವಿರುದ್ಧ ಪಾರಸಿಗಳು ದೊಂಬಿಯೆದ್ದರು. ಎರಡು ವರುಷಗಳಲ್ಲಿ ಪಾಂಜರಪೋಳ ಹುಟ್ಟಿತು. ಅದು ಆಸರೆಯ ಮನೆ. 1874ರಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಸಂಘವೊಂದು ಏರ್ಪಟ್ಟಿತು. ಕುದುರೆ ಎಳೆಯುವ ಟ್ರಾಮುಗಳು ಮುಂಬಯಿಯ ಬೀದಿಗಿಳಿದದ್ದೂ ಅದೇ ವರುಷ! ಬಂದರಿನ ಹತ್ತಿಯ ಅಂಡಿಗೆ ಎತ್ತಿನ ಬೆನ್ನ ಮೇಲೆ, ಊರಿನ ಜನ ಕುದುರೆಯ ಬೆನ್ನ ಮೇಲೆ. ಬಿದ್ದ ಪ್ರಾಣಿಗೆ ಚಿಕಿತ್ಸೆ ಬೇಕಲ್ಲ? ಗಿರಣಿಗಳ ಒಡೆಯರಾದ ದಿನಶಾ ಮಾಣೆಕಜಿ ಪೆಟಿಟ್ ಅವರು ಕೊಟ್ಟ ದಾನದಿಂದ, ಅವರ ಪತ್ನಿ ಸಾಕರಬಾಯಿಯವರ ಹೆಸರಿನಲ್ಲಿ, 1880ರ ದಶಕದ ಮೊದಲ ವರುಷಗಳಲ್ಲಿ ಈ ಆಸ್ಪತ್ರೆ ಎದ್ದಿತು. 1886ರಲ್ಲಿ ಮುಂಬಯಿ ಪಶುವೈದ್ಯ ಕಾಲೇಜು ಇದರ ಮಗ್ಗುಲಲ್ಲಿಯೇ ಪ್ರಾರಂಭವಾಯಿತು.

1907ರಲ್ಲಿ ವಿದ್ಯುತ್ತಿನ ಟ್ರಾಮು ಬಂದು ಕುದುರೆಯ ಹೊರೆಯನ್ನು ಇಳಿಸಿತು. 1964ರಲ್ಲಿ ಆ ಟ್ರಾಮೂ ನಿಂತಿತು. ವಿಕ್ಟೋರಿಯಾ ಗಾಡಿಗಳನ್ನು ನಿಲ್ಲಿಸಬೇಕೆಂದು 2015ರಲ್ಲಿ ಹೈಕೋರ್ಟು ಆಜ್ಞೆ ಮಾಡಿತು. ದುಡಿಯುವ ಪ್ರಾಣಿಗಳು ಬೀದಿಯಿಂದ ಸರಿದುಹೋದವು. ಮನೆಯ ನಾಯಿ ಬೆಕ್ಕುಗಳು ಅವುಗಳ ಸರದಿಗೆ ನಿಂತವು. ಹೆಸರು ಮಾತ್ರ ಬೈಲ್-ಘೋಡಾ ಆಗಿಯೇ ಉಳಿಯಿತು.

ಬೆಂಚಿಗೆ ಮರಳಿದಾಗ ನೆರೆಹೊರೆಯ ಕಥೆಗಳು ಕಿವಿಗೆ ಬಿದ್ದವು. ಗುಜರಾತಿ ಹೆಂಗಸೊಬ್ಬಳ ಗಂಡು ಬೆಕ್ಕು ಎರಡು ದಿನಗಳಿಂದ ಕೂತಲ್ಲಿ ಮುಕ್ಕಿರಿಯುತ್ತಿತ್ತಂತೆ. ಹೊಟ್ಟೆ ಕಟ್ಟಿದೆಯೆಂದು ಆಕೆ ಹರಳೆಣ್ಣೆ ಕುಡಿಸಿದ್ದಳು. ನಿಜವಾಗಿ ಕಟ್ಟಿದ್ದು ಮೂತ್ರ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಒಂದೆರಡು ದಿನಗಳಲ್ಲಿಯೇ ಪ್ರಾಣಕ್ಕೆ ಬರುತ್ತದಂತೆ. ಬಿಹಾರದ ಕಾವಲುಗಾರನೊಬ್ಬ ರಕ್ತಭೇದಿಯಾದ ನಾಯಿಮರಿಯನ್ನು ತನ್ನ ಅಂಗಿಯಲ್ಲಿಯೇ ಸುತ್ತಿ ತಂದಿದ್ದ, ಪಾರ್ವೊ ರೋಗ. ಸಕಾಲದಲ್ಲಿ ಲಸಿಕೆ ಹಾಕಿಸಿದ್ದರೆ ತಪ್ಪುತ್ತಿತ್ತು. ಅಷ್ಟರಲ್ಲಿ ದೊಡ್ಡ ಅಲ್ಸೇಶನ್ ನಾಯಿಯೊಂದನ್ನು ಇಬ್ಬರು ಹೊತ್ತು ತಂದರು. ಹೊಟ್ಟೆ ಡೋಲಿನಂತೆ ಉಬ್ಬಿತ್ತು, ವಾಂತಿಗೆ ಹವಣಿಸಿದರೂ ಏನೂ ಬರುತ್ತಿರಲಿಲ್ಲ. ಜಠರ ತಿರುಚಿಕೊಂಡಿತ್ತಂತೆ. ಇದಕ್ಕೆ ಒಂದು ಗಂಟೆಯೂ ಕಾಯುವಂತಿಲ್ಲವೆಂದು ನೇರವಾಗಿ ಆಪರೇಶನ್ನಿಗೆ ಒಯ್ದರು. ಅದರ ಯಜಮಾನನ ಕೈಗೆ ಆ ಕಾವಲುಗಾರ ತನ್ನ ನೀರಿನ ಬಾಟಲಿ ಕೊಟ್ಟ. ಒಬ್ಬರ ಮಾತು ಒಬ್ಬರಿಗೆ ಪೂರಾ ಬಾರದು. ಆದರೂ ಆ ಬೆಂಚಿನ ಮೇಲೆ ಯಾರೂ ಪರದೇಶಿಗಳಾಗಿರಲಿಲ್ಲ.

ಅವ್ವನ ಪರಚು ಗಾಯವನ್ನು ಡಾಕ್ಟರಬಾಯಿ ಮರೆತಿರಲಿಲ್ಲ. ಹುಚ್ಚುನಾಯಿಯ ರೋಗ ಬೆಕ್ಕಿನಿಂದಲೂ ಬರಬಹುದು, ಕೆಂಚಿಗೆ ಲಸಿಕೆಯಾಗಿಲ್ಲ. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಮನುಷ್ಯರ ಆಸ್ಪತ್ರೆಗೆ ಹೋಗಿರೆಂದು ಗಡಸಾಗಿ ಹೇಳಿದರು. "ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಏನು?" ಎಂದು ಅವ್ವ ಅಂಜಿದಳು. ಆ ಕಾಲ ಹೋಯಿತು. ಈಗ ತೋಳಿಗೆ ನಾಲ್ಕೈದು ಸಾಕು. ಹೀಗೆ ಒಂದೇ ದಿನ ನಮ್ಮ ಮನೆಯ ಇಬ್ಬರು ರೋಗಿಗಳು ಪರೇಲಿನ ಎರಡು ಆಸ್ಪತ್ರೆಗಳಲ್ಲಿ ಚುಚ್ಚಿಸಿಕೊಂಡರು.

ಸಂಜೆ ಮರಳಿ ಬಂದಾಗ ಕೆಂಚಿಯ ಉಸಿರು ಸ್ವಲ್ಪ ನಿಧಾನವಾಗಿತ್ತು. ಕಣ್ಣು ಮುಚ್ಚಿ ಮಲಗಿತ್ತು. ಅವ್ವ ಬಗ್ಗಿ ಮೆಲ್ಲಗೆ, "ಕೆಂಚೀ, ತಪ್ಪಾತವ್ವಾ" ಎಂದಳು. ಕೆಂಚಿ ಕಣ್ಣು ತೆರೆಯಲಿಲ್ಲ. ಒಂದು ಕಿವಿ ಮಾತ್ರ ಅವ್ವನ ಕಡೆಗೆ ತಿರುಗಿತು. ಡಾಕ್ಟರಬಾಯಿ, "ಇದಕ್ಕೆ ನಿಮ್ಮ ಭಾಷೆ ತಿಳಿಯುತ್ತದೆ" ಎಂದರು. ಅವ್ವನ ಕಣ್ಣಲ್ಲಿ ಅಲ್ಲಿಯತನಕ ತಡೆದಿದ್ದ ನೀರು ಆಗ ಹರಿಯಿತು. ಮೂರು ದಿನ ಪರೇಲಿಗೆ ತಿರುಗಾಡಿದೆವು. ನಾಲ್ಕನೆಯ ದಿನ ಕೆಂಚಿ ತಾನಾಗಿ ಹಾಲಿನ ಬಟ್ಟಲಿಗೆ ಬಂದಿತು.

ಓದುಗರಲ್ಲಿ ಒಂದೇ ವಿನಂತಿ. ನೀವು ಯಾವ ಊರಿನಲ್ಲಿದ್ದರೂ ಪ್ರಾಣಿಗಳ ಆಸ್ಪತ್ರೆ ಎಲ್ಲಿದೆಯೆಂದು ಇಂದೇ ಕೇಳಿಕೊಳ್ಳಿರಿ, ಅಪರಾತ್ರಿಯಲ್ಲಿ ಹುಡುಕುವಂತಾಗಬಾರದು. ಚೆನ್ನೈಯ ವೇಪೇರಿಯಲ್ಲಿ 1903ರಿಂದ, ಬೆಂಗಳೂರಿನ ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯ ಕಾಲೇಜುಗಳಿವೆ. ನಮ್ಮ ಮುಂಬಯಿಯ ಮಹಾಲಕ್ಷ್ಮಿಯಲ್ಲಿಯೂ 2024ರಲ್ಲಿ ಟಾಟಾ ಟ್ರಸ್ಟಿನವರು ಸಣ್ಣ ಪ್ರಾಣಿಗಳಿಗಾಗಿ ಹೊಸ ಆಸ್ಪತ್ರೆ ತೆರೆದಿದ್ದಾರೆ. ಮನೆಯ ಗುಳಿಗೆಯನ್ನು ಪ್ರಾಣಿಗೆ ಕೊಡಬೇಡಿರಿ. ಕೊಟ್ಟುಬಿಟ್ಟಿದ್ದರೆ ನಾಚದೆ ಹೇಳಿಬಿಡಿರಿ. ನಮ್ಮ ಕೆಂಚಿ ಬದುಕಿದ್ದು ಔಷಧದಿಂದ ಎಷ್ಟೋ, ಅವ್ವ ಸೆರಗಿನ ಗಂಟು ಬಿಚ್ಚಿದ್ದರಿಂದಲೂ ಅಷ್ಟೇ.

ಈಗ ನಮ್ಮ ಔಷಧದ ಡಬ್ಬಿಯ ಮುಚ್ಚಳದ ಮೇಲೆ ಒಂದು ಚೀಟಿ ಅಂಟಿದೆ: 'ಇದು ಮಂದಿಗೆ. ಕೆಂಚಿಗಲ್ಲ.' ಅವ್ವ ಹೇಳಿದ್ದು. ದೊಡ್ಡ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದವಳು ಮೊಮ್ಮಗಳು. ಒಂದು ಒತ್ತಕ್ಷರವೂ ತಪ್ಪಿಲ್ಲ.