ತಲೆಯ ಮೇಲೊಂದು ಬೋಗುಣಿ

2014ರ ಜನವರಿ 16ರಂದು ಉಕ್ರೇನಿನ ಸಂಸತ್ತು ಬರೀ ಕೈ ಎತ್ತಿಸಿ, ಎತ್ತಿದ ಕೈಗಳನ್ನು ಸರಿಯಾಗಿ ಎಣಿಸುವ ಗೊಡವೆಗೂ ಹೋಗದೆ, ಒಂದು ಕಟ್ಟು ಕಾನೂನುಗಳನ್ನು ಪಾಸು ಮಾಡಿತು. ಪ್ರತಿಭಟನೆಗೆ ಬರುವವರು ಹೆಲ್ಮೆಟ್ಟಾಗಲಿ ಮುಖವಾಡವಾಗಲಿ ಹಾಕಿಕೊಳ್ಳಬಾರದು ಎನ್ನುವುದು ಅವುಗಳಲ್ಲೊಂದು. ಮೂರು ದಿನ ಕಳೆದು ಭಾನುವಾರ ಬಂತು. ಕೀವ್ ನಗರದ ಮೈದಾನ್ ಚೌಕದಲ್ಲಿ ಸೇರಿದವರ ಪೈಕಿ ಹಲವರ ತಲೆಯ ಮೇಲೆ ಬೋಗುಣಿ, ಬಾಣಲೆ, ಬೇಯಿಸಿದ ಶಾವಿಗೆ ಬಸಿಯುವ ತೂತಿನ ಪಾತ್ರೆ. ಹೆಲ್ಮೆಟ್ ಕೂಡದು ಎಂದಿರಿ, ಒಪ್ಪಿದೆವು. ಪಾತ್ರೆ ಕೂಡದು ಎಂದು ಎಲ್ಲಿ ಬರೆದಿದ್ದೀರಿ ತೋರಿಸಿ, ಎಂಬ ಧಾಟಿ. ತೂತಿನ ಪಾತ್ರೆ ಲಾಠಿಯ ಏಟನ್ನು ಎಷ್ಟು ತಡೆಯುತ್ತದೋ, ತಲೆಗೆ ಗಾಳಿಯಂತೂ ಚೆನ್ನಾಗಿ ಆಡುತ್ತದೆ. ಕೊರೆಯುವ ಜನವರಿಯಲ್ಲಿ ಕೀವ್‌ನವರಿಗೆ ಅದರ ಅಗತ್ಯವೇನೂ ಇರಲಿಲ್ಲ. ಆ ಚಿತ್ರಗಳನ್ನು ನೋಡಿದವರು ನಕ್ಕರು. ನಗುವಂಥವೇ. ಆದರೆ ಅಡುಗೆಮನೆ ಹೀಗೆ ಬೀದಿಗೆ ಬಂದಾಗಲೆಲ್ಲ ಎರಡು ಬಗೆಯ ಜನ ಅದನ್ನು ತಪ್ಪಾಗಿ ಓದುತ್ತಾರೆ. ಆಳುವವರ ಕಣ್ಣಿಗೆ ಅದು ಯುದ್ಧದ ತಯಾರಿ, ಅಭಿಮಾನಿಗಳ ಕಣ್ಣಿಗೆ ವೀರಕವಚ. ನನಗೆ ಕಾಣುವುದು ಬೇರೆ: ಎದುರಿಗೆ ನಿಂತವನು ಒಂದು ಗೆರೆ ದಾಟಲಾರ ಎಂಬ ನಂಬಿಕೆಯೇ ಆ ಬೋಗುಣಿಯಾಗಿ ತಲೆಯ ಮೇಲೆ ಕೂತಿರುತ್ತದೆ.

ಅಗಸನ ಗಂಟು ನೋಡಿ ಮನೆಯಲ್ಲಿ ಎಷ್ಟು ಜನ ಎಂದು ಹೇಳಿದ ಹಾಗೆ, ಬೀದಿಗಿಳಿದ ಮನೆಸಾಮಾನು ನೋಡಿ ಪೊಲೀಸರ ಕೈಯಲ್ಲಿ ಏನಿದೆ ಎಂದು ಹೇಳಿಬಿಡಬಹುದು. ಹಾಂಗ್‌ಕಾಂಗ್‌ನಲ್ಲಿ 2014ರ ಸೆಪ್ಟೆಂಬರ್ 28ರಂದು ಪೊಲೀಸರು 87 ಅಶ್ರುವಾಯು ಶೆಲ್‌ಗಳನ್ನು ಹಾರಿಸಿದರು. ಅದಕ್ಕೂ ಮೊದಲೇ ಖಾರದ ಸ್ಪ್ರೇ ಶುರುವಾಗಿತ್ತು. ಮಡಿಸುವ ಕೊಡೆ ಗುರಾಣಿಯಾಯಿತು. ಉಳಿದ ಸಾರಿನ ಪಾತ್ರೆಗೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ ಮುಖಕ್ಕೆ ಸುತ್ತಿಕೊಂಡಿತು, ಈಜುಕನ್ನಡಕ ಕಣ್ಣಿಗೆ ಬಂತು. 79 ದಿನ ನಡೆದ ಆ ಚಳವಳಿಗೆ ಕೊಡೆಯ ಹೆಸರೇ ನಿಂತಿತು. ಬ್ಯಾಂಕಾಕಿನಲ್ಲಿ 2020ರ ನವೆಂಬರಿನಲ್ಲಿ ಈಜುಕೊಳದ ಗಾಳಿ ತುಂಬಿದ ಹಳದಿ ಬಾತುಕೋಳಿಗಳು ಮುಂದೆ ಬಂದವು ಎಂದರೆ ಅಲ್ಲಿ ಜಲಫಿರಂಗಿ ಇತ್ತು ಎಂದು ಬೇರೆ ಹೇಳಬೇಕಿಲ್ಲ. ನಮ್ಮಲ್ಲೇ 2024ರ ಫೆಬ್ರವರಿಯಲ್ಲಿ ಪಂಜಾಬ್–ಹರಿಯಾಣ ನಡುವಿನ ಶಂಭು ಗಡಿಯಲ್ಲಿ ಅಶ್ರುವಾಯು ಶೆಲ್‌ಗಳು ಡ್ರೋನಿನಿಂದ ಬಿದ್ದವು. ರೈತರು ಡ್ರೋನಿಗೆ ಗಾಳಿಪಟ ಹಾರಿಸಿದರು, ನೆಲಕ್ಕೆ ಬಿದ್ದು ಹೊಗೆಯಾಡುವ ಶೆಲ್‌ಗಳ ಮೇಲೆ ನೀರಲ್ಲಿ ನೆನೆಸಿದ ಗೋಣಿಚೀಲ ಎಳೆದರು. ಮಲೆನಾಡಿನ ಗದ್ದೆಯಲ್ಲಿ ಕೊಪ್ಪೆಯಾಗಿ ತಲೆಯಿಂದ ಬೆನ್ನಿಗೆ ಇಳಿದು ಮಳೆ ತಡೆಯುವ ಅದೇ ಗೋಣಿ. ಆಕಾಶದಿಂದ ಬೀಳುವುದು ಏನಾದರೇನು, ಗೋಣಿಯ ಕೆಲಸ ಬದಲಾಗುವುದಿಲ್ಲ.

ಇಸ್ತಾನ್‌ಬುಲ್ ನಗರದ ಗೆಜಿ ಉದ್ಯಾನದ ಗಲಾಟೆ 2013ರದು. ಅಲ್ಲಿ ತಯಾರಾದ ಒಂದು ವಸ್ತುವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ದೊಡ್ಡ ಪ್ಲಾಸ್ಟಿಕ್ ನೀರಿನ ಬಾಟಲಿಯ ತಳ ಕತ್ತರಿಸಿ, ಒಂದು ಮಗ್ಗುಲನ್ನು ಮುಖದ ಆಕಾರಕ್ಕೆ ಸೀಳಿ, ಅಂಚಿಗೆ ಮೆತ್ತನೆಯ ಪಟ್ಟಿ ಅಂಟಿಸಿ, ಬಾಟಲಿಯ ಕುತ್ತಿಗೆಯೊಳಗೆ ಬಟ್ಟೆಯನ್ನೋ ಆಸ್ಪತ್ರೆಯ ಮಾಸ್ಕನ್ನೋ ತುರುಕಿ, ಎರಡು ರಬ್ಬರಿನ ಬಳ್ಳಿ ಕಟ್ಟಿದರೆ ಮುಖವಾಡ ಸಿದ್ಧ. ಬಾಟಲಿ ತಲೆಕೆಳಗಾಗಿ ನಿಲ್ಲುವುದರಿಂದ ಅದರ ಕುತ್ತಿಗೆ ಗದ್ದದ ಕೆಳಗೆ ಬರುತ್ತದೆ. ಮುಖಕ್ಕೆ ಆನೆಯ ಸೊಂಡಿಲಿನ ಕಳೆ. ಇದಕ್ಕೆ ಒಂದಿಷ್ಟು ತರ್ಕವೂ ಇದೆ. ಅಶ್ರುವಾಯು ಎಂದು ನಾವು ಕರೆಯುವ ಸಿ.ಎಸ್. ನಿಜಕ್ಕೂ ವಾಯುವಲ್ಲ, ನುಣ್ಣನೆಯ ಪುಡಿ. 1928ರಲ್ಲಿ ಅದನ್ನು ತಯಾರಿಸಿದ ಕಾರ್ಸನ್ ಮತ್ತು ಸ್ಟೌಟನ್ ಎಂಬ ಇಬ್ಬರು ಅಮೆರಿಕದ ರಸಾಯನಶಾಸ್ತ್ರಜ್ಞರ ಹೆಸರಿನ ಮೊದಲ ಅಕ್ಷರಗಳೇ ಅದರ ಹೆಸರು. ಪುಡಿಯಾದ್ದರಿಂದ ಬಟ್ಟೆ ಅದನ್ನು ಅಷ್ಟೋ ಇಷ್ಟೋ ಹಿಡಿಯುತ್ತದೆ. ಒಗ್ಗರಣೆಯಲ್ಲಿ ಒಣಮೆಣಸಿನಕಾಯಿ ಸೀದ ದಿನ ಸೆರಗನ್ನು ಮೂಗಿಗೆ ಒತ್ತಿಕೊಂಡು ಕಿಟಕಿ ತೆಗೆಯಲು ಓಡುವುದಿಲ್ಲವೇ, ಆ ಬುದ್ಧಿಯೇ ಬಾಟಲಿಯ ರೂಪದಲ್ಲಿ ಬಂದದ್ದು. ಮರುವರ್ಷ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಇಂಥ ಬಾಟಲಿ ಮುಖವಾಡವನ್ನು ಪ್ರದರ್ಶನಕ್ಕಿಟ್ಟಿತು. ರಾಜಮಹಾರಾಜರ ಒಡವೆ ವಸ್ತ್ರಗಳ ಜೊತೆ ನೀರಿನ ಬಾಟಲಿ!

ಇವುಗಳಲ್ಲಿ ಯಾವುದೂ ಗುಂಡನ್ನು ತಡೆಯುವುದಿಲ್ಲ. ತಡೆಯುತ್ತದೆ ಎಂದು ಹಿಡಿದವರೂ ನಂಬಿರಲಾರರು. ನನ್ನ ವಾದ ನಿಂತಿರುವುದೇ ಇಲ್ಲಿ. ಕೊಡೆ ಹಿಡಿದು ಪೊಲೀಸರ ಸಾಲಿನ ಮುಂದೆ ನಿಂತವನ ಲೆಕ್ಕದಲ್ಲಿ ಎದುರಿನಿಂದ ಬರುವುದು ಖಾರದ ನೀರು, ಸೀಸವಲ್ಲ. ಹಗ್ಗ ಹರಿಯಬಾರದು, ಕೋಲು ಮುರಿಯಬಾರದು ಎಂದು ಎರಡೂ ಕಡೆಯವರು ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿದ್ದಾರೆ ಎಂದೇ ಅವನ ಎಣಿಕೆ. ಆ ಎಣಿಕೆ ತಪ್ಪಿದಾಗ ಆಗುವುದನ್ನೂ ನೋಡಿದ್ದೇವೆ. ಬೋಗುಣಿ ಹೊತ್ತು ನಕ್ಕ ಮೈದಾನ್‌ನಲ್ಲೇ, ಒಂದು ತಿಂಗಳು ಕಳೆದು ಫೆಬ್ರವರಿ 20ರಂದು, ಕೈಯಲ್ಲಿ ಮಾಡಿದ ಗುರಾಣಿ ಹಿಡಿದು ಮುನ್ನುಗ್ಗಿದವರು ಗುಂಡಿಗೆ ಬಿದ್ದರು. ಆ ಒಂದು ದಿನ ಸತ್ತವರೇ ಹತ್ತಾರು ಮಂದಿ. ಮ್ಯಾನ್ಮಾರಿನಲ್ಲಿ 2021ರ ಸೇನಾದಂಗೆಯ ನಂತರ ಹುಡುಗರು ಎಣ್ಣೆಯ ಡ್ರಮ್ಮುಗಳನ್ನು ಸೀಳಿ ಗುರಾಣಿ ಮಾಡಿದರು. ಹೆಂಗಸರು ಇನ್ನೂ ಜಾಣತನದ ಕೆಲಸ ಮಾಡಿದರು: ತಾವು ಉಡುವ ಲುಂಗಿಗಳನ್ನು ಬೀದಿಗೆ ಅಡ್ಡಲಾಗಿ ಹಗ್ಗದ ಮೇಲೆ ಹರವಿದರು. ಹೆಣ್ಣುಟ್ಟ ಬಟ್ಟೆಯ ಕೆಳಗೆ ನುಸುಳಿದರೆ ಗಂಡಸಿನ ಬಲ ಹೋಗುತ್ತದೆ ಎಂಬ ನಂಬಿಕೆ ಅಲ್ಲಿಯದು. ಬಂದೂಕು ಹಿಡಿದವರು ನಿಂತು ಬಟ್ಟೆ ಇಳಿಸಬೇಕಾಯಿತು, ಅಷ್ಟು ಹೊತ್ತಿನಲ್ಲಿ ಹುಡುಗರು ಗಲ್ಲಿ ಸೇರಿಕೊಂಡರು. ಅದೇ ಮಾರ್ಚ್ 3ರಂದು ಮ್ಯಾಂಡಲೆಯಲ್ಲಿ ಹತ್ತೊಂಬತ್ತರ ಹುಡುಗಿಯೊಬ್ಬಳು ತಲೆಗೆ ಗುಂಡು ತಗುಲಿ ಸತ್ತಳು. ಎಲ್ಲ ಸರಿಹೋಗುತ್ತದೆ ಎಂಬರ್ಥದ ಬರಹವಿದ್ದ ಟೀ ಶರ್ಟು ಅವಳ ಮೈಮೇಲಿತ್ತು. ಮನೆಯಲ್ಲಿ ಗುಂಡಿಗೆ ಮದ್ದಿಲ್ಲ. ಅದಕ್ಕೇ ಮನೆಸಾಮಾನು ಹಿಡಿದು ಬಂದವನು ಯುದ್ಧಕ್ಕೆ ಬಂದಿಲ್ಲ ಎನ್ನುತ್ತೇನೆ.

ಒಪ್ಪದವರು ಕೇಳುವ ಮೊದಲ ಪ್ರಶ್ನೆ: ತಪ್ಪು ಮಾಡುವ ಉದ್ದೇಶವಿಲ್ಲದವನು ಈಜುಕನ್ನಡಕ ಕಟ್ಟಿಕೊಂಡು ಏಕೆ ಬರುತ್ತಾನೆ? ಕೇಳಲು ಸರಿಯಾಗಿಯೇ ಇದೆ. ಬ್ರೆಜಿಲ್ಲಿನ ಸಾವೊ ಪಾಲೊ ಪೊಲೀಸರು 2013ರ ಜೂನ್‌ನಲ್ಲಿ ಈ ತರ್ಕವನ್ನು ತುದಿಯವರೆಗೆ ಎಳೆದರು. ಬಸ್ ದರ ಏರಿಕೆಯ ವಿರುದ್ಧದ ಮೆರವಣಿಗೆಯಲ್ಲಿ, ಚೀಲದಲ್ಲಿ ವಿನೆಗರ್ ಇಟ್ಟುಕೊಂಡವರನ್ನು ಹಿಡಿದರು. ವರದಿಗೆ ಹೋಗಿದ್ದ ಪತ್ರಕರ್ತನೂ ಸಿಕ್ಕಿಬಿದ್ದ. ಉಪ್ಪಿನಕಾಯಿಗೆ ಹಾಕುವ ವಿನೆಗರ್ ಅಪರಾಧವಾದ ಮೇಲೆ ಊರೆಲ್ಲ ಆ ಚಳವಳಿಗೆ ವಿನೆಗರ್ ದಂಗೆ ಎಂದು ಹೆಸರಿಟ್ಟು ನಕ್ಕಿತು. ಕೊಡೆ ತಂದವನೇ ಮಳೆ ತರಿಸಿದ ಎನ್ನುವ ತರ್ಕವಿದು. ಶೆಲ್ ಹಾರಬಹುದು ಎಂದು ಊಹಿಸಲು ಕಲ್ಲು ಹೊಡೆಯುವ ಉದ್ದೇಶ ಬೇಕಾಗಿಲ್ಲ. ಹಿಂದಿನ ದಿನದ ಪತ್ರಿಕೆ ಓದಿದ್ದರೆ ಸಾಕು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಕಾಯುವ ಸಾಮಾನು ಕೊಲ್ಲುವ ಸಾಮಾನಾಗಲು ಎಷ್ಟು ಹೊತ್ತು? ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ಓಬವ್ವನ ಕೈಗೆ ಸಿಕ್ಕಿದ್ದು ಭತ್ತ ಕುಟ್ಟುವ ಒನಕೆ. ಹೈದರಾಲಿಯ ಸೈನಿಕರ ತಲೆಗಳು ಅದಕ್ಕೆ ಸಿಕ್ಕವು. ನಾವು ಪ್ರತಿಮೆ ನಿಲ್ಲಿಸಿದ್ದು ಹೊಡೆದ ಒನಕೆಗೆ. ಏಟು ತಡೆದ ಮೊರಕ್ಕೆ ಯಾರೂ ಪ್ರತಿಮೆ ಮಾಡಿದ್ದಿಲ್ಲ. ಹಾಂಗ್‌ಕಾಂಗ್‌ನಲ್ಲೂ 2019ರ ಹೊತ್ತಿಗೆ ಕೊಡೆಯ ಮುಗ್ಧತೆ ಕರಗಿತ್ತು. ಆ ಜುಲೈ 1ರಂದು ಶಾಸನಸಭೆಯ ಗಾಜು ಒಡೆದು ಒಳನುಗ್ಗಿದವರ ಗುರುತು ಕ್ಯಾಮೆರಾಕ್ಕೆ ಸಿಗದಂತೆ ಮರೆಮಾಡಿದ್ದು ಕೊಡೆಗಳೇ, ಮುಂದೆ ಪೆಟ್ರೋಲ್ ಬಾಂಬುಗಳೂ ಹಾರಿದವು. ಇದನ್ನು ಮುಚ್ಚಿಟ್ಟು ಕೊಡೆಯ ಗುಣಗಾನ ಮಾಡುವುದು ಅಪ್ರಾಮಾಣಿಕತೆ. ಆದರೆ ಗಾಜು ಒಡೆಯುವುದಕ್ಕೂ ಬೆಂಕಿ ಹಚ್ಚುವುದಕ್ಕೂ ಎಲ್ಲ ದೇಶಗಳಲ್ಲಿ ಮೊದಲೇ ಶಿಕ್ಷೆಯಿದೆ. ಕೃತ್ಯವನ್ನು ಹಿಡಿಯಲಾಗದ ಸರ್ಕಾರ ಸಾಮಾನನ್ನು ಹಿಡಿಯಲು ಹೊರಟರೆ ಸಿಕ್ಕಿಬೀಳುವವನು ಹೊಡೆದವನಲ್ಲ, ಹೆದರಿದವನು.

ಇನ್ನು ಮೂರನೆಯ ಮಾತು, ವೈದ್ಯರದು. ಇವೆಲ್ಲ ಸುಳ್ಳು ಧೈರ್ಯ ಕೊಡುತ್ತವೆ, ಉಪಯೋಗಕ್ಕೆ ಬಾರವು. ಅರ್ಧಕ್ಕಿಂತ ಹೆಚ್ಚು ನಿಜ. ವಿನೆಗರ್ ಬಟ್ಟೆ, ಕಣ್ಣಿನ ಕೆಳಗೆ ಟೂತ್‌ಪೇಸ್ಟ್, ಗೆಜಿಯಲ್ಲಿ ಮುಖಕ್ಕೆ ಎರಚಿಕೊಂಡ ಹೊಟ್ಟೆಯುರಿಯ ಔಷಧ (ಹೊಟ್ಟೆಯುರಿ ಎರಡೂ ಕಡೆ ಧಾರಾಳವಾಗಿತ್ತು, ಅದು ಬೇರೆ ಮಾತು), ಇವು ಅಜ್ಜಿಯ ಮದ್ದಿನ ಸಾಲಿಗೆ ಸೇರಿದವು. ಖಾರದ ಸ್ಪ್ರೇಯ ಉರಿಗೆ ಹಾಲು, ಶಾಂಪೂ ಮುಂತಾದವನ್ನು ಹೋಲಿಸಿ ನೋಡಿದ ಪ್ರಯೋಗದಲ್ಲಿ ಯಾವುದೂ ಬರೀ ನೀರಿಗಿಂತ ಹೆಚ್ಚಿನ ಉಪಕಾರ ಮಾಡಲಿಲ್ಲ. ಮುಖಕ್ಕೆ ಬಿಗಿಯಾಗಿ ಕೂರದ ಬಾಟಲಿಯ ಸಂದಿನಿಂದ ಪುಡಿ ಒಳಗೆ ಬಂದೇ ಬರುತ್ತದೆ. ಆದರೆ ಚಿಲಿ ದೇಶದಲ್ಲಿ 2019ರ ಅಕ್ಟೋಬರಿನಿಂದ ಮುಂದಿನ ಕೆಲವೇ ತಿಂಗಳಲ್ಲಿ 400ಕ್ಕೂ ಹೆಚ್ಚು ಮಂದಿಯ ಕಣ್ಣಿಗೆ ಪೆಟ್ಟಾಯಿತು, ಬಹುಪಾಲು ಪೊಲೀಸರ ಛರ್ರೆಗಳಿಂದ. ಈ ಲೆಕ್ಕ ಇಟ್ಟದ್ದು ಆ ದೇಶದ್ದೇ ರಾಷ್ಟ್ರೀಯ ಮಾನವ ಹಕ್ಕುಗಳ ಸಂಸ್ಥೆ. ಅದನ್ನು ನೋಡಿದ ಮೇಲೆ ಮನೆಯಲ್ಲಿದ್ದ ಯಾವುದೋ ಕನ್ನಡಕವನ್ನು ಕಣ್ಣಿಗೆ ಏರಿಸಿಕೊಂಡವನಿಗೆ ಸುಳ್ಳು ಧೈರ್ಯದ ಪಾಠ ಹೇಳಲು ನನಗೆ ಬಾಯಿ ಬರುವುದಿಲ್ಲ. ಇನ್ನೊಂದು ವಿಚಿತ್ರ ಇದೆ. 1993ರ ರಾಸಾಯನಿಕ ಅಸ್ತ್ರಗಳ ಒಪ್ಪಂದ ಯುದ್ಧದಲ್ಲಿ ಅಶ್ರುವಾಯು ಬಳಸಬಾರದು ಎನ್ನುತ್ತದೆ. ಸ್ವಂತ ಊರಿನ ಬೀದಿಯಲ್ಲಿ ಗಲಭೆ ಅಡಗಿಸಲು ಅಡ್ಡಿಯಿಲ್ಲ. ಶತ್ರು ಸೈನಿಕನಿಗೆ ಸಿಗುವ ಈ ರಿಯಾಯಿತಿ ನೆರೆಮನೆಯವನಿಗೆ ಇಲ್ಲದಾಗ, ಅವನು ಅಡುಗೆಮನೆಯ ಕಪಾಟು ತಡಕುವುದರಲ್ಲಿ ಅತಿಶಯವೇನಿದೆ?

ಉಕ್ರೇನಿನ ಸಂಸತ್ತು ಆ ಕಾನೂನುಗಳಲ್ಲಿ ಹೆಚ್ಚಿನವನ್ನು ಹನ್ನೆರಡೇ ದಿನಕ್ಕೆ, ಜನವರಿ 28ರಂದು ಹಿಂದಕ್ಕೆ ಪಡೆಯಿತು. ಹಾಂಗ್‌ಕಾಂಗ್ ಆಡಳಿತಕ್ಕೆ ಅಂಥ ಅವಸರವಿರಲಿಲ್ಲ. 2019ರ ಅಕ್ಟೋಬರ್ 5ರಿಂದ ಅಲ್ಲಿ ಸಭೆ ಮೆರವಣಿಗೆಗಳಲ್ಲಿ ಮುಖ ಮುಚ್ಚಿಕೊಂಡರೆ ಒಂದು ವರ್ಷದವರೆಗೆ ಜೈಲು, 25,000 ಹಾಂಗ್‌ಕಾಂಗ್ ಡಾಲರ್‌ವರೆಗೆ ದಂಡ. ನಾಲ್ಕು ತಿಂಗಳೊಳಗೆ ಕೋವಿಡ್ ಬಂತು. 2020ರ ಜುಲೈನಲ್ಲಿ ಅದೇ ಆಡಳಿತ ಸಾರ್ವಜನಿಕ ಸ್ಥಳಗಳಲ್ಲಿ ಮಾಸ್ಕ್ ಕಡ್ಡಾಯ ಮಾಡಿತು. ಆ ಡಿಸೆಂಬರಿನಲ್ಲಿ ನಗರದ ಅತ್ಯುನ್ನತ ನ್ಯಾಯಾಲಯ ಮುಖ ಮುಚ್ಚಬಾರದೆಂಬ ನಿಯಮವನ್ನೂ ಎತ್ತಿಹಿಡಿಯಿತು. ಊರಿಗೆ ಊರೇ ಆಗ ಮುಖ ಮುಚ್ಚಿಕೊಂಡಿತ್ತು. ಮಾಸ್ಕ್ ಹಾಕದಿದ್ದರೆ ದಂಡ ಎಂಬ ನಿಯಮ 2023ರ ಮಾರ್ಚ್ 1ರಂದು ಹೋಯಿತು. ಹಾಕಿದರೆ ಜೈಲು ಎಂಬುದು ಮಾತ್ರ ಹೋಗಲಿಲ್ಲ.