ಸರದಿ ತಪ್ಪಿದ ಪಯಣ

ಬಾಲ್ಯದ ಸಹಪಾಠಿಗಳಾದ ನಿವೃತ್ತ ಶಿಕ್ಷಕರಿಬ್ಬರು ಆಷಾಢದ ಒಂದು ಮುಂಜಾನೆ ಧಾರವಾಡದಿಂದ ಬೆಳಗಾವಿಗೆ ಸೈಕಲ್ಲೇರಿ ಹೊರಟರು. ಸುಮಾರು 75 ಕಿಲೋಮೀಟರ್ ದಾರಿ. ಪಡುವಣ ಗಾಳಿ ಓರೆಯಾಗಿ ಎದುರಾಗುತ್ತಿತ್ತು. ಅಂತಹ ಗಾಳಿಯಲ್ಲಿ ಮುಂದಿನವರಿಗೇ ದಣಿವು ಹೆಚ್ಚು. ಬೆನ್ನ ಮರೆಯಲ್ಲಿ ಬರುವವರಿಗೆ ಶ್ರಮ ಕಡಿಮೆ. ಆದುದರಿಂದ ಸರದಿಯಂತೆ ಮುಂದಾಗುವುದೆಂದು ಮಾತಾಗಿತ್ತು.

1824ರ ಸಮರವನ್ನು ಕಂಡ ಕಿತ್ತೂರು ಕೋಟೆಯ ಬಳಿ ಬುತ್ತಿ ಬಿಚ್ಚಿದರು. ಕಟಕ ರೊಟ್ಟಿ, ಶೇಂಗಾ ಚಟ್ನಿ. ಹಸಿದವರಿಗೆ ಬೇರೆ ಮೃಷ್ಟಾನ್ನವೇಕೆ? ಮೇಲೇಳುವಾಗ ಒಬ್ಬರ ಮೊಣಕಾಲು ಹಿಡಿಯಿತು. ಅವರು ಹೇಳಲಿಲ್ಲ, ಇನ್ನೊಬ್ಬರು ಕೇಳಲಿಲ್ಲ. ಸರದಿಯನ್ನು ಮರೆತವರಂತೆ ತಾವೇ ಮುಂದೆ ಸಾಗಿದರು. ಏರು ಬಂದಾಗಲೆಲ್ಲ ಇಳಿದು, ನೆಟ್ಟಗೇ ಇದ್ದ ಚೈನನ್ನು ಪರೀಕ್ಷಿಸಿದರು.

ಎಂ.ಕೆ. ಹುಬ್ಬಳ್ಳಿಯಲ್ಲಿ, ಮಲಪ್ರಭೆಯ ಸೇತುವೆಯ ಮೇಲೆ, ನೋವಿದ್ದವರೇ ನಕ್ಕರು: “ಚೈನಿಗೇನೂ ಆಗಿಲ್ಲೋ ದೋಸ್ತ, ಆಗಿದ್ದು ನನ್ನ ಮೊಣಕಾಲಿಗೆ.”

ಬೆಳಗಾವಿಗೆ ಹೊರಟಿದ್ದ ಲಾರಿಯೊಂದು ಇಬ್ಬರನ್ನೂ ಸೈಕಲ್ಲುಗಳನ್ನೂ ಹತ್ತಿಸಿಕೊಂಡಿತು.