ಕಡಲಾಚೆಯ ವಿದ್ಯೆಗೆ ಸಿದ್ಧತೆ

ಕೊಡಗಿನ ಹಾಲೇರಿ ವಂಶದ ಕಡೆಯ ದೊರೆ ಚಿಕ್ಕವೀರರಾಜೇಂದ್ರನು 1834ರಲ್ಲಿ ರಾಜ್ಯವನ್ನು ಕಳೆದುಕೊಂಡು ಕಾಶಿವಾಸಿಯಾದನು. ಮಗಳು ಗೌರಮ್ಮನಿಗೆ ಆಂಗ್ಲ ವಿದ್ಯೆ ದೊರೆಯಲಿ, ಕಂಪನಿಯ ವಶದಲ್ಲಿದ್ದ ತನ್ನ ಧನವು ಮರಳಲಿ ಎಂದು 1852ರಲ್ಲಿ ಅವಳೊಡನೆ ಇಂಗ್ಲೆಂಡಿಗೆ ತೆರಳಿದನು. ಅವಳಿಗಿನ್ನೂ ಹನ್ನೊಂದು ತುಂಬಿರಲಿಲ್ಲ. ಅದೇ ವರ್ಷ ಜೂನ್ 30ರಂದು ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರನ್ನಿತ್ತಳು. ಸಿದ್ಧತೆಯೆಲ್ಲವೂ ಹಿರಿಯರದು, ಕಂದನ ಮನವನ್ನು ಕೇಳಿದವರಾರು? ತಂದೆಯ ಒಡನಾಟವೂ ಮೊಟಕಾಯಿತು. 1864ರಲ್ಲಿ, 23 ತುಂಬುವ ಮೊದಲೇ, ಆ ನಾಡಿನಲ್ಲಿಯೇ ಅವಳು ಕಣ್ಮುಚ್ಚಿದಳು.

ಇಂದು ಸೋಮವಾರಪೇಟೆಯ ಕಾಫಿತೋಟದ ಮನೆಯ ಹುಡುಗಿಯೊಬ್ಬಳು ಅದೇ ನಾಡಿನ ವಿಶ್ವವಿದ್ಯಾನಿಲಯಕ್ಕೆ ಹೊರಡುವಾಗ ವ್ಯಾಸಂಗದ ವಿಷಯವನ್ನು ತಾನೇ ಆರಿಸಿಕೊಳ್ಳುತ್ತಾಳೆ. ಪ್ರವೇಶಪತ್ರ, ಕ್ಷಯರೋಗ ತಪಾಸಣೆಯ ಪ್ರಮಾಣಪತ್ರ, ಬ್ಯಾಂಕಿನಲ್ಲಿ 28 ದಿನ ಕದಲದಿದ್ದ ಹಣದ ದಾಖಲೆ, ಇವನ್ನು ಜೋಡಿಸಿಡುತ್ತಾಳೆ. ಆಷಾಢದ ಮಳೆಚಳಿಯನ್ನುಂಡವಳಿಗೆ ಉಣ್ಣೆಯಂಗಿ ಹೊಸತಲ್ಲ. ತಾಯಿ ಪೆಟ್ಟಿಗೆಯಲ್ಲಿ ಮನೆಯ ಕಾಫಿಪುಡಿಯನ್ನಿಡುತ್ತಾಳೆ.

ಕಾಗದಪತ್ರಗಳನ್ನು ಕೆಲವು ತಿಂಗಳುಗಳಲ್ಲಿ ಒದಗಿಸಿಕೊಳ್ಳಬಹುದು. ತಾನಾರೆಂಬ ಅರಿವು ಬಾಲ್ಯದಿಂದಲೇ ಬಲಿಯಬೇಕು; ಅದನ್ನು ತಾಯ್ನುಡಿಯಲ್ಲಿ ಊಡುವ ಹೊಣೆ ಮನೆಯದು, ಶಾಲೆಯದು. ಗೌರಮ್ಮನಿಗೆ ಮರಳುವ ದಾರಿಯಿರಲಿಲ್ಲ. ಹೊರಟು ನಿಂತ ಈ ಮಗಳಿಗೆ ಆ ದಾರಿಯನ್ನು ತೆರೆದಿಡುವುದೇ ಹಿರಿಯರು ಮಾಡಬೇಕಾದ ಸಿದ್ಧತೆ.